ಮೂರನೆಯ ಪ್ಲಗ್ಗಿನ ದಾರ

ವ್ಯಾನಿನ ಹೊಗೆ ಕಪ್ಪಗಿದ್ದದ್ದು ಅಂಜನಾಳಿಗೆ ಒಂದು ಬಗೆಯ ಸಮಾಧಾನವನ್ನೇ ತಂದಿತು. ನೀಲಿಯಾಗಿದ್ದರೆ ಎಂಜಿನ್ನು ಆಯಿಲ್ ಸುಡುತ್ತಿದೆ, ಬಿಳಿಯಾಗಿದ್ದರೆ ಒಳಗೆ ನೀರು ಸೇರುತ್ತಿದೆ; ಎರಡಕ್ಕೂ ಎಂಜಿನ್ ಬಿಚ್ಚಿಸಬೇಕು. ಕಪ್ಪು ಎಂದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ, ಅಷ್ಟೇ. ಕೊಳ್ಳೇಗಾಲದ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುವವಳಿಗೆ ಅದು ಹೊಸ ವಿಷಯವಲ್ಲ. ಆದರೆ ಎಲ್ಲವನ್ನೂ ಹೊಸದಾಗಿ ಹಾಕಿಸಿದ ಮೇಲೆ ಯಾಕೆ ಶುರುವಾಯಿತು ಎನ್ನುವುದು ಅವಳಿಗೆ ಹೊಳೆಯಲಿಲ್ಲ.

"ಮೂರು ಪ್ಲಗ್ಗು, ಮೂರು ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪು, ಎಲ್ಲಾ ನನ್ ಕೈಯಾರೆ ಆಕಿವ್ನಿ ಮೇಡಂ," ಎಂದ ಮೆಕ್ಯಾನಿಕ್ ಬಸವೇಶ ಫೋನಿನಲ್ಲಿ. "ಸೋಮ್ವಾರ ವಾಲಗ ಊದ್ದಂಗೆ ಓಡ್ತಿತ್ತು. ನಿಮ್ಮನೇಲಿ ಯಾರ್ದೋ ಕಣ್ ಬಿದ್ದದೆ."

"ಕಣ್ಣು ಬಿದ್ರೆ ಎಂಜಿನ್ನು ಮಿಸ್ಸಿಂಗ್ ಹೊಡೆಯುತ್ತಾ?"

"ನಮ್ಮತ್ತೆ ನೋಡುದ್ರೆ ಟ್ರ್ಯಾಕ್ಟ್ರೇ ನಿಂತೋಯ್ತದೆ."

ವ್ಯಾನು ಅಪ್ಪನದು. ರೇಷ್ಮೆ ಸೀರೆ ನೇಯುತ್ತಿದ್ದ ಮಾದಯ್ಯ ಅದರಲ್ಲೇ ಸೀರೆಗಳನ್ನು ಸಾಗಿಸುತ್ತಿದ್ದರು. ಅವರು ತೀರಿಕೊಂಡು ವರ್ಷವಾಗಿತ್ತು. ಚೋಕ್ ಎಳೆದು ಚಾಲೂ ಮಾಡುವ ಹಳೆಯ ಗಾಡಿ, ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲಿ. ಬೆಳಿಗ್ಗೆ ಅದನ್ನು ಬಿಸಿ ಮಾಡುವ ಕೆಲಸವನ್ನು ಅವರು ಹೆಂಡತಿಗೇ ಕಲಿಸಿದ್ದರು. ಚಿಕ್ಕತಾಯಮ್ಮನಿಗೆ ಓಡಿಸಲು ಬಾರದು. ಕೀಲಿ ತಿರುಗಿಸಲು ಬರುತ್ತಿತ್ತು.

ಗುರುವಾರ ತಾಯಿಯನ್ನು ಅಜ್ಜೀಪುರದ ಚಿಕ್ಕಮ್ಮನ ಮನೆಗೆ ಕರೆದೊಯ್ಯುವಾಗ ವ್ಯಾನು ದಾರಿಯುದ್ದಕ್ಕೂ ನಡುಗಿತು. ಹನೂರು ದಾಟಿದ ಮೇಲೆ ಒಮ್ಮೆ ಸೀಟಿನ ಕೆಳಗೇ ಪಟಾರೆಂದಿತು. ಎಂಜಿನ್ನು ನಿಲ್ಲದಿರಲಿ ಎಂದು ಅಂಜನಾ ಚೋಕನ್ನು ಅರ್ಧ ಎಳೆದಿಟ್ಟಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಸೀಟಿನಿಂದ ತಾಯಿ ಮೆಲ್ಲಗೆ ನಕ್ಕದ್ದು ಕೇಳಿಸಿತು.

"ಯಾರ ಜೊತೆ ಮಾತು ಅವ್ವ?"

"ನಿಮ್ಮಪ್ಪಾರು ಕನಮ್ಮಿ. ಮಗ್ಗದ ಲಾಳಿ ಎಲ್ಲಿಟ್ಟೆ ಅಂತ ಕೇಳ್ತಾವ್ರೆ."

ಕನ್ನಡಿಯಲ್ಲಿ ನೋಡಿದಳು. ತಾಯಿ ಕಿಟಕಿಯ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಿದ್ದಳು. ಕೆನ್ನೆಗಳು ಎಂದೂ ಇಲ್ಲದಷ್ಟು ಕೆಂಪಗಿದ್ದವು. ಅಂಜನಾಳ ಕಣತಲೆಯೂ ಸಿಡಿಯುತ್ತಿತ್ತು. ಅವಳ ಕಿಟಕಿ ತೆರೆದಿತ್ತು, ಹಿಂದಿನವು ಮುಚ್ಚಿದ್ದವು. ಅವಳು ಗಾಡಿ ನಿಲ್ಲಿಸಿ, ತಾಯಿಯನ್ನು ಇಳಿಸಿ, ಹೊಂಗೆ ಮರದ ಕೆಳಗೆ ಕೂರಿಸಿದಳು. ಅರ್ಧ ಗಂಟೆಯ ಮೇಲೆ ಚಿಕ್ಕತಾಯಮ್ಮ ಸುತ್ತಲೂ ನೋಡಿ, "ಎದ್ದೋದ್ರು," ಎಂದಳು.

ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ಆಗ ಇಲ್ಲದವರೂ ಮಿದುಳಿಗೆ ಕಾಣಬಹುದು.

ಎಲ್ಲ ಕಿಟಕಿ ತೆರೆದು ನಿಧಾನವಾಗಿ ಊರಿಗೆ ತಂದ ವ್ಯಾನನ್ನು ಅವಳು ಎಂದಿನಂತೆ ಮಗ್ಗದ ಮನೆಯಲ್ಲಿ ನಿಲ್ಲಿಸಿದಳು. ಮಗ್ಗ ಬಿಚ್ಚಿ, ಗುಂಡಿ ಮುಚ್ಚಿಸಿ, ಅಪ್ಪನೇ ಅದಕ್ಕೆ ಶಟರ್ ಹಾಕಿಸಿದ್ದರು. ಭಾನುವಾರ ಶಟರ್ ಪೂರ್ತಿ ಎತ್ತಿ, ಸೀಟನ್ನು ಮೇಲಕ್ಕೆ ಮಡಚಿ, ಓಡುತ್ತಿರುವ ಎಂಜಿನ್ನಿನ ವೈರುಗಳನ್ನು ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದೊಂದಾಗಿ ಕಿತ್ತು ನೋಡಿದಳು. ಮೊದಲನೆಯದು ಕಿತ್ತಾಗ ಎಂಜಿನ್ನು ಕುಗ್ಗಿತು. ಎರಡನೆಯದಕ್ಕೂ ಕುಗ್ಗಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. ಅದು ಮೊದಲೇ ಸತ್ತಿತ್ತು.

ಪ್ಲಗ್ಗಿನ ಕುತ್ತಿಗೆಗೆ ಅರಿಸಿನ ಹಚ್ಚಿದ ರೇಷ್ಮೆ ದಾರವನ್ನು ಏಳು ಸುತ್ತು ಸುತ್ತಿ ಗಂಟು ಹಾಕಲಾಗಿತ್ತು. ಹೊಸ ನೂಲಿನ ಹಾಸು ಹೂಡಿದಾಗ ಶುಭಕ್ಕೆಂದು ಮಗ್ಗಕ್ಕೆ ಕಟ್ಟುವ ದಾರ. ಅದರ ದೆಸೆಯಿಂದ ವೈರಿನ ಟೋಪಿ ಒಳಗೆ ಕೂತಿರಲಿಲ್ಲ. ಕಿಡಿ ಹಸಿ ಅರಿಸಿನದ ಮೇಲೆ ಹರಿದು ಹೊರಗೇ ಹೋಗುತ್ತಿತ್ತು. ಉರಿಯದ ಪೆಟ್ರೋಲು ಸೈಲೆನ್ಸರಿನ ಕೊಳವೆಯಲ್ಲಿ ಸಿಡಿದು, ಸೀಟಿನ ಕೆಳಗೆ ಅದರ ಸಂದು ಮುಚ್ಚುವ ಪ್ಯಾಕಿಂಗ್ ಹಾರಿಹೋಗಿತ್ತು. ಹೊಗೆ ನೇರ ವ್ಯಾನಿನೊಳಕ್ಕೆ ಬರುತ್ತಿತ್ತು.

"ಒಸ ಸಾಮಾನ್ಗೆ ದಾರ ಕಟ್ದೆ ಓಡ್ಸಾರಾ?" ಎಂದಳು ಚಿಕ್ಕತಾಯಮ್ಮ.

ಗಂಟಿನ ತುದಿ ಬಲಕ್ಕಿತ್ತು. ಅವ್ವನ ಗಂಟು. ಅಪ್ಪ ಎಡಚರು, ಅವರ ಗಂಟಿನ ತುದಿ ಎಡಕ್ಕೆ ಬರುತ್ತಿತ್ತು; ಹಾಸಿನಲ್ಲಿ ಕಡಿದ ಎಳೆ ಯಾರು ಕೂಡಿಸಿದ್ದೆಂದು ಗಂಟು ನೋಡಿಯೇ ಮನೆಯವರೆಲ್ಲ ಹೇಳುತ್ತಿದ್ದರು. ಅಂಜನಾ ದಾರ ಕತ್ತರಿಸಿ, ಟೋಪಿಯನ್ನು ಟಕ್ಕೆನ್ನುವವರೆಗೆ ಒತ್ತಿದಳು. ಪ್ಯಾಕಿಂಗ್ ತಂದು ಹಾಕಲು ಬಸವೇಶ ಮಂಗಳವಾರ ಬರುತ್ತೇನೆಂದ. ಆಮೇಲೆ ಅವಳು ತಾಯಿಗೆ ಎಲ್ಲವನ್ನೂ, ಗಾಳಿ, ರಕ್ತ, ಮಿದುಳು ಎಂದು ಬಿಡಿಸಿ ಹೇಳಿದಳು. ಚಿಕ್ಕತಾಯಮ್ಮ ಗಮನವಿಟ್ಟು ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಅಂಗಾರೆ ದಾರ ಬಿಚ್ಬುಟ್ರೆ ಅವ್ರು ಬರಕಿಲ್ವಾ?"

"ಇಲ್ಲವ್ವ."

"ಅಂಗಾ," ಎಂದು ಅವಳು ಅಕ್ಕಿ ಆರಿಸಲು ಕೂತಳು.

ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದ ಅಂಜನಾಳಿಗೆ ಬೀದಿಯ ತುದಿಯಲ್ಲೇ ಸದ್ದು ಕೇಳಿಸಿತು. ಎರಡು ಬಡಿತ, ಒಂದು ಬಿಡುವು. ಮತ್ತೆ ಎರಡು ಬಡಿತ, ಒಂದು ಬಿಡುವು. ಶಟರ್ ನೆಲದವರೆಗೆ ಇಳಿದಿತ್ತು.

ಅವಳು ಉಸಿರು ಬಿಗಿಹಿಡಿದು ಶಟರ್ ಎತ್ತಿದಳು, ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಹಿಂದಿನ ಸೀಟಿನಲ್ಲಿ ಒಂದು ಕಡೆಗೆ ಸರಿದು, ಜಾಗ ಬಿಟ್ಟು, ಕಣ್ಣು ತೆರೆದೇ ಕೂತಿದ್ದ ತಾಯಿಯನ್ನು ಕಂಕುಳಿಗೆ ಕೈ ಕೊಟ್ಟು ಬೀದಿಗೆ ಎಳೆದು ತಂದಳು. ಎದುರುಮನೆಯ ಚೆಲುವಮ್ಮ ಆಟೋ ತರಿಸುವಷ್ಟರಲ್ಲಿ ಚಿಕ್ಕತಾಯಮ್ಮನ ತುಟಿ ಅಲ್ಲಾಡಿತು.

"ಲಾಳಿ ಸಿಕ್ತಂತೆ. ಬಾ ಅಂದ್ರು. ನೀ ಯಾಕ್ ಬಂದೆ?"

"ಮತ್ತೆ ದಾರ ಯಾಕೆ ಕಟ್ಟಿದೆ ಅವ್ವ?"

"ನಾ ಕೀಲಿ ತಿರುಗ್ಸ್ದೆ ಅಷ್ಟೇಯ. ದಾರ ನಾ ಕಟ್ನಿಲ್ಲ ಕನಮ್ಮಿ."

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಜೀವಕ್ಕೆ ಭಯವಿಲ್ಲ ಎಂದ ಮೇಲೆ, ಚೆಲುವಮ್ಮನನ್ನು ಕೂರಿಸಿ ಅಂಜನಾ ಬಟ್ಟೆ ತರಲು ಮನೆಗೆ ಬಂದಳು. ಇನ್ನೂ ಬಿಸಿಲಿತ್ತು. ಎರಡು ಗಂಟೆಯಿಂದ ತೆರೆದೇ ಇದ್ದ ಮಗ್ಗದ ಮನೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತಿತ್ತು. ತಲೆ ಸಿಡಿಯುತ್ತಿರಲಿಲ್ಲ. ಮಣಿಕಟ್ಟು ಹಿಡಿದು ನಾಡಿ ಎಣಿಸಿಕೊಂಡಳು, ಸರಿಯಾಗಿತ್ತು. ಸೀಟು ಮಡಚಿದಳು.

ಮೂರನೆಯ ಪ್ಲಗ್ಗಿಗೆ ದಾರ, ಏಳು ಸುತ್ತು. ಗಂಟಿನ ತುದಿ ಎಡಕ್ಕಿತ್ತು.

ನಲವತ್ತು ವರ್ಷ ಜೊತೆಗೆ ನೇಯ್ದವಳು ಅಪ್ಪನ ಗಂಟನ್ನೂ ಕಲಿತಿರಬಹುದು. ಅಂಜನಾ ಆ ಉತ್ತರವನ್ನು ಬರೆದಿಟ್ಟುಕೊಳ್ಳುವ ಹಾಗೆ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ದಾರ ಕತ್ತರಿಸಿದಳು. ಮೂರೂ ವೈರುಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು. ಹಿಂದಿನ ಸೀಟಿನ ಕಡೆ ತಿರುಗದೆ ಹೊಸಿಲವರೆಗೆ ನಡೆದು, ಅಲ್ಲಿ ನಿಂತಳು.

"ಅವ್ವನ್ನ ಇನ್ನೊಂದಷ್ಟ್ ದಿನ ಬುಡಪ್ಪ," ಎಂದಳು.

ಆಮೇಲೆ ಶಟರ್ ಎಳೆಯದೆ, ಹಾಗೇ ತೆರೆದುಬಿಟ್ಟು ಹೊರಟಳು.