ಒಳಜೇಬಿನ ಅಡಿ

ಮಳಿಗೆಯ ಗಾಜಿನ ಬಾಗಿಲು ತೆರೆದಾಗಲೆಲ್ಲ ಸೊಸೆಯ ತುಟಿಗೆ ಅದೇ ಮಾತು ತಾನಾಗಿ ಬರುತ್ತಿತ್ತು: ಈ ಕೈಚೀಲಗಳು ಕಡಲಾಚೆಯವು, ತಲೆತಲಾಂತರದಿಂದ ಚರ್ಮದ ಕೆಲಸವನ್ನೇ ನಂಬಿದ ಮನೆತನದವರು ಉಸಿರು ಬಿಗಿಹಿಡಿದು ಒಂದೊಂದೇ ಹೊಲಿಗೆ ಹಾಕಿದವು. ಮ್ಯಾನೇಜರು ಕಲಿಸಿಕೊಟ್ಟ ಮಾತು. ಹೇಳಿ ಹೇಳಿ, ಆ ದೂರದ ಊರಿನ ಕಲ್ಲುಹಾಸಿನ ಓಣಿಯೂ ಕಿಟಕಿಯ ಬೆಳಕಿಗೆ ತಲೆಬಾಗಿಸಿ ಕುಳಿತ ಮುದುಕರೂ ಅವಳ ಕಣ್ಣಿಗೆ ಕಟ್ಟಿದ್ದರು.

ಆ ಮಧ್ಯಾಹ್ನ ಅತ್ತೆ ಬಂದರು. ಕರೆಂಟು ಹೋಗಿ ಅವರ ಕಾರ್ಖಾನೆ ಬೇಗ ಬಿಟ್ಟಿತ್ತು. ಮನೆಯ ಬೀಗದ ಕೈ ಸೊಸೆಯ ಬಳಿ ಇತ್ತು. ನದಿಯಾಚೆಯ ಆ ತಗಡಿನ ಶೆಡ್ಡಿನಲ್ಲಿ ಏನು ಕೆಲಸ ಎಂದು ಯಾರು ಕೇಳಿದರೂ ಅತ್ತೆಯದು ಒಂದೇ ಉತ್ತರ: "ಚೀಲ ಹೊಲೀತೀವಿ." ಎಂಥ ಚೀಲ? "ಚೀಲ ಅಂದ್ರೆ ಚೀಲ ಕಣೇ." ಶಾಲೆಯ ಮಕ್ಕಳದ್ದಿರಬೇಕೆಂದು ಸೊಸೆ ತನ್ನಷ್ಟಕ್ಕೆ ಅಂದುಕೊಂಡಿದ್ದಳು. ಅಲ್ಲಿಯ ಸುದ್ದಿಯನ್ನು ಹೊರಗೆ ಆಡಿದವರನ್ನು ಮರುದಿನ ಗೇಟಿನೊಳಗೆ ಬಿಡುವುದಿಲ್ಲವೆಂಬುದಷ್ಟೇ ಅವಳಿಗೆ ಗೊತ್ತಿತ್ತು.

ಬೀಗದ ಕೈ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಗಿರಾಕಿಯೊಬ್ಬಳಿಗೆ ತೋರಿಸಲು ಮೇಜಿನ ಮೇಲಿಟ್ಟಿದ್ದ ಕಂದು ಬಣ್ಣದ ಚೀಲ ಅತ್ತೆಯ ಮಡಿಲಲ್ಲಿತ್ತು. ಅವರ ಬಲಗೈ, ನಿದ್ದೆಯಲ್ಲಿ ಮಗುವನ್ನು ತಡವುವ ಕೈಯಂತೆ, ನೇರ ಒಳಜೇಬಿನ ಅಡಿಗಿಳಿದು, ಲೈನಿಂಗನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿತು.

ಎದುರು ಕುಳಿತಿದ್ದ ಗಿರಾಕಿ ಹುಬ್ಬೇರಿಸಿದಳು. "ಅಲ್ಲೇನು ಹುಡುಕ್ತಿದೀರಮ್ಮ? ಯಾರಾದ್ರೂ ಚಿಲ್ಲರೆ ಮರೆತು ಹೋಗಿದಾರಾ?"

"ಮಗುಚಿದ ಜಾಗ ನೋಡ್ದೆ," ಎಂದರು ಅತ್ತೆ, ಇನ್ನೂ ಕೆಲಸದ ಗುಂಗಿನಲ್ಲೇ. "ಚೀಲಾನ ಮೊದಲು ಒಳಮೈ ಹೊರಗೆ ಮಾಡಿ ಹೊಲಿಯೋದು. ಇಲ್ಲೊಂದು ಕಿಂಡಿ ಬಿಟ್ಟು, ಅದರಿಂದ ತಿರುಗಿಸಿ ತೆಗೆದು, ಕೊನೇಗೆ ಮುಚ್ಚಿಬಿಡೋದು. ಇದು ಗಟ್ಟಿಯಾಗಿದೆ, ತಗೊಳ್ಳಿ."

"ನಿಮಗೆ ಹೇಗೆ ಗೊತ್ತು?"

ಅತ್ತೆ ತಟ್ಟನೆ ಕೈ ಹಿಂದೆಗೆದುಕೊಂಡರು. ಆಗ ಸೊಸೆ ಕಂಡಳು: ಚೀಲದ ಅಂಚಿಗೆ ಸವರಿದ ಬಣ್ಣವೇ ಅತ್ತೆಯ ಉಗುರಿನ ಸಂದಿಯಲ್ಲೂ ಇತ್ತು. ಪ್ರತಿ ಸಂಜೆ ಬಚ್ಚಲಲ್ಲಿ ಕಲ್ಲಿನಿಂದ ಉಜ್ಜಿದರೂ ಹೋಗದ ಬಣ್ಣ. ಕಲ್ಲುಹಾಸಿನ ಓಣಿ, ಮುದುಕರು, ಕಿಟಕಿ, ಎಲ್ಲವೂ ಒಂದೇ ಉಸಿರಿಗೆ ಆರಿಹೋದವು.

"ನೀನೇ ಹೇಳಮ್ಮ," ಗಿರಾಕಿ ಸೊಸೆಯತ್ತ ತಿರುಗಿದಳು. "ನಿಜವಾಗ್ಲೂ ಎಲ್ಲಿ ಮಾಡ್ತಾರೆ ಇದನ್ನ?"

ಅತ್ತೆಯ ಕಣ್ಣು ಬೇಡ ಎಂದಿತು. ಮ್ಯಾನೇಜರು ಆಚೆ ಮೂಲೆಯಿಂದ ಕತ್ತು ಉದ್ದ ಮಾಡಿದ.

"ಕಡಲಾಚೆ, ಮೇಡಂ," ಎಂದಳು ಸೊಸೆ. ಇಷ್ಟು ವರ್ಷ ಸಲೀಸಾಗಿ ಬರುತ್ತಿದ್ದ ಮಾತು ಇಂದು ಅಷ್ಟಕ್ಕೇ ನಿಂತಿತು. "ಇವರು ನಮ್ಮತ್ತೆ. ಮನೇಲಿ ಹೊಲಿಗೆ ಮೆಷಿನ್ ಇದೆ, ಅದಕ್ಕೇ ಕುತೂಹಲ."

ಗಿರಾಕಿ ನಕ್ಕು ಚೀಲ ಕೊಂಡಳು.

ಅತ್ತೆಯನ್ನು ಬಸ್ಸು ಹತ್ತಿಸಿ ಬರುತ್ತೇನೆಂದು ಸೊಸೆ ಹೊರಬಿದ್ದಳು. ಬೀದಿಯುದ್ದಕ್ಕೂ ಅವಳ ಕಣ್ಣು ಎದುರು ಬರುವವರ ಹೆಗಲಿಗೇ ಅಂಟಿಕೊಂಡಿತ್ತು. ಅಲ್ಲಿ ತೂಗುತ್ತಿದ್ದ ಪ್ರತಿಯೊಂದು ಚೀಲವೂ ಏನನ್ನೋ ಕೇಳುವಂತಿತ್ತು.

"ಚೆನ್ನಾಗಿ ಹೇಳ್ತೀಯ ಕಣೇ. ನಾನು ಬಂದಾಗ ಇನ್ನೊಬ್ರಿಗೆ ಹೇಳ್ತಿದ್ಯಲ್ಲ, ಬಾಗಿಲಲ್ಲಿ ನಿಂತು ಕೇಳಿದೆ," ಎಂದರು ಅತ್ತೆ. "ಉಸಿರು ಬಿಗಿಹಿಡಿಯೋದಂತೂ ನಿಜ. ಅಂಟಿನ ವಾಸನೆಗೆ."

ಸೊಸೆ ನಗಲಿಲ್ಲ. "ನನಗಾದ್ರೂ ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ನಿನ್ನ ನಾಲಿಗೆ ತೊದಲ್ತಿತ್ತು. ನಿನ್ನ ಕೆಲಸ ಹೋಗ್ತಿತ್ತು, ಹಿಂದೇನೇ ನಂದೂ."

"ನಾಳೆಯಿಂದ ಆ ಮಾತು ನನ್ನ ಬಾಯಲ್ಲಿ ಬರಲ್ಲ. ಬೆಲ್ಟಿನ ಕೌಂಟರಿಗೆ ಹಾಕಿ ಅಂತ ಮ್ಯಾನೇಜರನ್ನ ಕೇಳ್ತೀನಿ."

"ಬೆಲ್ಟಾ? ಅದನ್ನ ಹೊಲಿಯೋದು ನನ್ನ ಪಕ್ಕದಲ್ಲಿ ಕೂರೋಳು."

"ಪರ್ಸು?"

"ಅದು ನಮ್ಮ ಶೆಡ್ಡಿನ ಕಿಟಕಿ ಕಡೆ ಸಾಲಿನೋರದು."

ಬಸ್ಸು ಬಂತು. ಅತ್ತೆ ಹತ್ತಿ, ಸೀಟು ಹಿಡಿದು, ಹೋಗು ಹೋಗು ಎಂದು ಕೈಸನ್ನೆ ಮಾಡಿದರು. ಸೊಸೆ ಮಳಿಗೆಯ ಕಡೆಗೆ ನಡೆದಳು, ಅರ್ಧ ದಾರಿಯಲ್ಲಿ ನಿಂತಳು, ತಿರುಗಿ ನೋಡಿದಳು. ಮತ್ತೆ ಮಳಿಗೆಯತ್ತಲೇ ನಡೆದಳು.