ಮಲಗಿದ್ದಾರೆ, ಸದ್ದು ಮಾಡಬೇಡಿ

ಕೂದಲು ಮತ್ತೆ ಬಾಯಿಗೆ ಬಂತು, ಕಾರಿನ ಕಿಟಕಿ ನಾಲ್ಕು ಬೆರಳಿನಷ್ಟು ಇಳಿದಿದೆ, ಗಾಳಿ ಅಲ್ಲಿಂದ ನುಗ್ಗಿ ಕೂದಲನ್ನೆಲ್ಲ ಎತ್ತಿ ಮುಖಕ್ಕೆ ಬಡಿಯುತ್ತಿದೆ, ಅವಳು ಕಿವಿಯ ಹಿಂದೆ ಸಿಕ್ಕಿಸುತ್ತಾಳೆ, ಅದು ಮತ್ತೆ ಬರುತ್ತದೆ, ಕ್ಲಿಪ್ಪೆಲ್ಲಿ ಹೋಯಿತು, ಬೆಳಿಗ್ಗೆ ತಲೆಯಲ್ಲಿತ್ತಲ್ಲ, ಕಂದು ಬಣ್ಣದ ದೊಡ್ಡ ಕ್ಲಿಪ್ಪು, ಒಂದು ಹಲ್ಲು ಮುರಿದದ್ದು — ಮುಂದೆ ಹೋಗುತ್ತಿರುವ ಬಿಳಿ ವ್ಯಾನು ತಿರುವಿನಲ್ಲಿ ಮರೆಯಾಗುತ್ತದೆ, ಭಾವ ಗೇರು ಬದಲಿಸುತ್ತಾರೆ, ವ್ಯಾನು ಮತ್ತೆ ಕಾಣಿಸುತ್ತದೆ, ಅದರ ಹಿಂಬಾಗಿಲು ಸರಿಯಾಗಿ ಕೂತಿಲ್ಲ, ಪ್ರತಿ ಗುಂಡಿಗೂ ಒಮ್ಮೆ ಅದುರುತ್ತದೆ. ಅದರೊಳಗೆ ಅವನಿದ್ದಾನೆ. ಇಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಅವನ ಚೀಲವಿದೆ, ಅವನ ಬೂಟುಗಳಿವೆ, ಲೇಸು ಬಿಚ್ಚದೆ ಕಾಲು ಕಿತ್ತ ಬೂಟುಗಳು. ಭಾವ, ಅವನ ಅಣ್ಣ, ಮಾತಾಡುತ್ತಿದ್ದಾರೆ, ಹೊರಟಾಗಿನಿಂದ ಅವರ ಬಾಯಿ ನಿಂತಿಲ್ಲ, ಅಮ್ಮನಿಗೆ ನಾನೇ ಹೇಳ್ತೀನಿ, ನೀನೇನೂ ಮಾತಾಡಬೇಡಮ್ಮ, ಡಾಕ್ಟ್ರು ಹೇಳಿದ್ದನ್ನೇ ಹೇಳೋಣ, ನಿದ್ದೆಯಲ್ಲೇ ಹೋದ, ನೀನು ಏಳೋಕೆ ಮುಂಚೆನೇ ಹೋಗಿದ್ದ, ಯಾರಿಗೂ ಏನೂ ಮಾಡೋಕಾಗ್ತಿರ್ಲಿಲ್ಲ, ಅಷ್ಟೇ, ಅಲ್ವಾ? ಹೂಂ ಭಾವ. ಇದ್ಯಾವ ರಸ್ತೆ ಮಾರಾಯ್ತಿ, ಗುಂಡಿ ಮಧ್ಯೆ ರಸ್ತೆ ಹುಡುಕ್ಕೊಂಡು ಹೋಗ್ಬೇಕು — ಭಾವ ನಕ್ಕುಬಿಟ್ಟರು, ನಗು ಅರ್ಧಕ್ಕೇ ನಿಂತಿತು, ಎರಡು ಕೈಯಲ್ಲೂ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಮುಂದೆ ನೋಡಿದರು. ವ್ಯಾನು ಇನ್ನೊಂದು ಗುಂಡಿಗೆ ಇಳಿದು ಎದ್ದಿತು. ನಿಧಾನ ಹೋಗೋಕೆ ಹೇಳಿ ಭಾವ, ಎಚ್ಚರ ಆಗುತ್ತೆ. ಹಾಗೆಂದು ಅಂದಳೋ, ಅಂದುಕೊಂಡಳೋ. ಭಾವ ತಿರುಗಿ ನೋಡಲಿಲ್ಲ, ಅಂದಿರಲಿಕ್ಕಿಲ್ಲ.

ಎಚ್ಚರ ಆಗುತ್ತೆ, ಸದ್ದು ಮಾಡಬೇಡಿ, ಮಲಗಿದ್ದಾರೆ — ಮದುವೆಯಾದಂದಿನಿಂದ ಅವಳು ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು. ಅವನದು ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಅವಳದು ಕಾಲೇಜಿನಲ್ಲಿ ಹಗಲು ಪಾಠ, ಅವಳು ಹೊರಡುವಾಗ ಅವನು ಬರುತ್ತಾನೆ, ಹುಬ್ಬಿನಲ್ಲಿ ಹಿಟ್ಟು, ಅಂಗಿಯಲ್ಲಿ ಬಿಸಿ ಬ್ರೆಡ್ಡಿನ ವಾಸನೆ, ಬಾಗಿಲಲ್ಲೇ ಎರಡು ಮಾತು, ಬೀಗದ ಕೈ ಅವಳ ಕೈಯಿಂದ ಅವನ ಕೈಗೆ, ಮುಗಿಯಿತು ಸಂಸಾರ. ರಜೆಯ ದಿನ ಅವಳು ಮನೆಯಲ್ಲಿರುತ್ತಾಳೆ, ಅವನು ಮಲಗಿರುತ್ತಾನೆ. ಸದ್ದಿಲ್ಲದೆ ಬದುಕುವ ವಿದ್ಯೆಯನ್ನು ಅವಳು ಕಲಿತದ್ದು ಹಾಗೆ, ಬಕೆಟ್ಟಿನೊಳಗೆ ಒಂದು ಬಟ್ಟೆ ಇಳಿಬಿಟ್ಟು ಅದರ ಮೇಲೆ ನೀರು ಬಿಟ್ಟರೆ ಸದ್ದಾಗುವುದಿಲ್ಲ, ಚಮಚಗಳನ್ನು ಟವೆಲ್ಲಿನ ಮೇಲೆ ಹರಡಬೇಕು, ಕಾಲಿಂಗ್ ಬೆಲ್ಲಿನ ವೈರು ಕಿತ್ತಿಡಬೇಕು, ಕೋಣೆಯ ಬಾಗಿಲನ್ನು ಹಿಡಿಕೆಯಿಂದ ಒಂದು ಚೂರು ಮೇಲಕ್ಕೆತ್ತಿ ತಳ್ಳಿದರೆ ಅದು ಕಿರುಗುಟ್ಟುವುದಿಲ್ಲ, ಚಪ್ಪಲಿ ಕೈಯಲ್ಲಿರಬೇಕು, ಕಾಲಲ್ಲಲ್ಲ. ಮೇಲಿನ ಮನೆಯ ಮಗು ಚೆಂಡು ಬಡಿದರೆ ಓಡಿಹೋಗಿ ಬಾಗಿಲು ತಟ್ಟಿ ಮೆಲ್ಲಗೆ, ಮಲಗಿದ್ದಾರೆ. ಕಟ್ಟಡದವರೆಲ್ಲ ಅವಳಿಗೆ ಶ್‌ಶ್ ಮೇಡಂ ಎಂದು ಹೆಸರಿಟ್ಟಿದ್ದರು, ಅವನಿಗೆ ಅದು ತಿಳಿದ ದಿನ ಹಾಸಿಗೆಯಲ್ಲಿ ಹೊರಳಾಡಿ ನಕ್ಕಿದ್ದ, ಬೆಕ್ಕೇ, ನೀನು ಪಾಠ ಬಿಟ್ಟು ಕಳ್ಳತನಕ್ಕೆ ಇಳಿದಿದ್ರೆ ಇಷ್ಟೊತ್ತಿಗೆ ನಮ್ಮದು ಮೂರಂತಸ್ತಿನ ಮನೆ ಆಗಿರೋದು. ಬೆಕ್ಕು ಎಂದು ಕರೆಯುತ್ತಿದ್ದದ್ದು ಅವನೊಬ್ಬನೇ. ಅವನ ಮುಂಗೈಯಲ್ಲಿ ಬ್ರೆಡ್ಡಿನ ಒಲೆಯ ತಟ್ಟೆ ತಗುಲಿದ ಗುರುತು, ಉದ್ದಕ್ಕೆ, ತಿಳಿಗೆಂಪು, ಅದರ ಮೇಲೆ ಕೂದಲು ಬೆಳೆಯುತ್ತಿರಲಿಲ್ಲ — ಇರಲಿಲ್ಲ ಅಂತಲ್ಲ, ಇಲ್ಲ, ಬೆಳೆಯುವುದಿಲ್ಲ, ಯಾವುದು ಸರಿ. ಕೂದಲು ಬಾಯಿಗೆ ಬಂತು. ಅವಳು ಉಗಿದಳು, ತೆಗೆದಳು, ಕಿವಿಯ ಹಿಂದೆ.

ರಜೆ ಹಾಕೋಣ ಅಂದವನು ಅವನೇ. ಎಲ್ಲಿಗೆ? ಎಲ್ಲಿಗಾದ್ರೂ, ಏನೂ ನೋಡೋದು ಬೇಡ, ಬೆಟ್ಟ ಹತ್ತೋದು ಬೇಡ, ಫೋಟೋ ಬೇಡ, ರಾತ್ರಿ ಹೊತ್ತು ಇಬ್ಬರೂ ಒಟ್ಟಿಗೆ ಮಲಗೋದು, ಬೆಳಿಗ್ಗೆ ಒಟ್ಟಿಗೆ ಏಳೋದು, ಬೇರೆಯವರು ಗಂಡ ಹೆಂಡ್ತಿ ಮಾಡ್ತಾರಲ್ಲ ಹಾಗೆ. ಹೊಲಗಳ ನಡುವೆ ಒಂಟಿ ಮನೆ, ಹಿಂದೆ ಕೋಳಿಗೂಡು, ಆಚೆ ಒಂದು ಹಳ್ಳ, ಬಾಡಿಗೆಗೆ ಕೊಟ್ಟ ಕೋಣೆಯಲ್ಲಿ ಗೋಡೆಗೆ ಒತ್ತಿಕೊಂಡು ಮಂಚ, ಮಂಚದ ಈಚೆ ಬದಿಯಲ್ಲಿ ಕಿಟಕಿ, ಹೂವಿನ ಚಿತ್ತಾರದ ಪರದೆ. ಮನೆಯೊಡತಿ ದಪ್ಪ ಹೆಂಗಸು, ಗಂಟಲೂ ದಪ್ಪ, ಬೆಳಿಗ್ಗೆ ತಿಂಡಿಗೆ ಏನ್ ಕೊಡ್ಲಿ, ನಾನು ಬ್ರೆಡ್ ಚೆನ್ನಾಗಿ ಮಾಡ್ತೀನಿ. ಅವನ ಮುಖ ನೋಡಬೇಕಿತ್ತು. ಬೇರೆ ಏನಿದ್ರೂ ಕೊಡಿ ಆಂಟಿ, ಹುಲ್ಲು ಕೊಟ್ರೂ ತಿಂತೀನಿ. ಮೊದಲ ರಾತ್ರಿ ಅವನ ಕಣ್ಣಿಗೆ ನಿದ್ದೆ ಹತ್ತಲಿಲ್ಲ, ಪಾಳಿಗೆ ಪಳಗಿದ ಮೈ, ಕತ್ತಲಾದಂತೆಲ್ಲ ಚುರುಕಾಗುತ್ತದೆ, ಎದ್ದು ಓಡಾಡಿದ, ಕೂತ, ಎಡ ಭುಜ ತಿಕ್ಕಿಕೊಂಡ, ಏನಾಯ್ತು, ಏನಿಲ್ಲ ತಟ್ಟೆ ಎತ್ತಿ ಎತ್ತಿ ಹಿಡ್ಕೊಂಡಿದೆ, ನೀನು ಮಲಗು ಬೆಕ್ಕೇ. ಅವಳು ಮಲಗಿದಳು. ಭುಜವನ್ನು ತಿಕ್ಕಿಕೊಡಬಹುದಿತ್ತು. ಎರಡನೆಯ ದಿನ ಇಡೀ ಹೊಲದ ಬದುವಿನ ಮೇಲೆ ಅವನನ್ನು ಅಲೆದಾಡಿಸಿದಳು, ದಣಿಯಲಿ ಎಂದು, ಹಳ್ಳದ ನೀರಿನಲ್ಲಿ ಕಾಲಿಟ್ಟು ಕೂತಾಗ ಮುಖ ಬಿಳುಚಿಕೊಂಡಿತ್ತು, ಹಿಟ್ಟು ಬಳಿದ ಹಾಗೆ, ಇಲ್ಲಿಗೂ ಹಿಟ್ಟು ತಂದಿದ್ದೀಯಾ ಎಂದು ಅವಳೇ ತಮಾಷೆ ಮಾಡಿದ್ದಳು. ರಾತ್ರಿ ಊಟ ಅರ್ಧಕ್ಕೇ ಬಿಟ್ಟು, ನಿದ್ದೆ ಬರ್ತಿದೆ ಕಣೇ, ನಿಜವಾಗ್ಲೂ ಬರ್ತಿದೆ, ಬಹುಮಾನ ಗೆದ್ದವನ ಹಾಗೆ ಹೇಳಿದ, ನಾಳೆ ನನ್ನ ಎಬ್ಬಿಸಬೇಡ, ಮನೆ ಬಿದ್ರೂ ಎಬ್ಬಿಸಬೇಡ. ಎಬ್ಬಿಸಲ್ಲ. ಆಣೆ? ಆಣೆ.

ನೀವು ಕೊನೆಗೆ ನೋಡಿದ್ದು ಯಾವಾಗ, ಎಂದು ಕೇಳಿದರು ಪಕ್ಕದ ಊರಿಂದ ಬಂದ ಡಾಕ್ಟರು, ಅವರು ಬರುವಷ್ಟರಲ್ಲಿ ಮನೆಯೊಡತಿ ಅವನನ್ನು ಅಂಗಾತ ಮಲಗಿಸಿದ್ದಳು, ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸುತ್ತಿದ್ದರು, ವಯಸ್ಸಾದ ಮನುಷ್ಯ, ಅವಳ ಕಡೆ ನೋಡಲು ಹಿಂಜರಿಯುತ್ತಿದ್ದರು. ಬೆಳಿಗ್ಗೆ ಎದ್ದಾಗ. ಆಗ ಹೇಗಿದ್ರು? ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಉಸಿರಾಟ? ಗೋಡೆ ಕಡೆ ಮುಖ ಮಾಡಿ ಮಲಗಿದ್ರು, ಬೆನ್ನು ನನ್ನ ಕಡೆ ಇತ್ತು, ನಾನು ಮುಟ್ಟಲಿಲ್ಲ, ಎಚ್ಚರ ಆಗುತ್ತೆ ಅಂತ. ಹೊದಿಕೆ ಕುತ್ತಿಗೆಯವರೆಗೆ ಇತ್ತು. ಡಾಕ್ಟರು ಕನ್ನಡಕ ಹಾಕಿಕೊಂಡರು. ಹಾಗಾದ್ರೆ ಆಗ್ಲೇ ಹೋಗಿದ್ದಾರೆ, ನೋಡಮ್ಮ, ನೀನು ಏಳೋಕೆ ಮುಂಚೆನೇ, ಮಗ್ಗುಲು ಕೂಡ ಬದಲಿಸದೆ, ನಿನ್ನಿಂದ ಆಗೋದು ಏನೂ ಇರ್ಲಿಲ್ಲ, ಇದನ್ನ ತಲೆಯಲ್ಲಿ ಇಟ್ಕೋ. ಇಟ್ಟುಕೊಂಡಿದ್ದಾಳೆ. ಅಂದಿನಿಂದ — ಅಂದಿನಿಂದ ಎಂದರೆ ಎಂದಿನಿಂದ, ಮಧ್ಯಾಹ್ನದಿಂದ, ಇವತ್ತಿನ ಮಧ್ಯಾಹ್ನವೇ ಅದು — ಆ ಮಾತನ್ನು ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಚೂರು ಚೂರೇ ನುಂಗುತ್ತಿದ್ದಾಳೆ, ಅದೊಂದಿದ್ದರೆ ಅತ್ತೆಯ ಎದುರು ನಿಲ್ಲಬಹುದು, ಅದೊಂದಿದ್ದರೆ ನಾಳೆ ಬೆಳಿಗ್ಗೆ ಏಳಬಹುದು, ಗೋಡೆ ಕಡೆ ಮುಖ, ಮುಂಚೆನೇ, ಮಗ್ಗುಲು ಕೂಡ ಬದಲಿಸದೆ. ಏಕೆಂದರೆ ಅದು ಹಾಗಲ್ಲದಿದ್ದರೆ ಆ ಬೆಳಗನ್ನು ಅವಳು ಏನು ಮಾಡಬೇಕು, ಎಲ್ಲಿಡಬೇಕು, ಅಂಥ ಬೆಳಗು, ಅಷ್ಟು ಸಂತೋಷದ ಬೆಳಗು.

ಸಂತೋಷವೇ ಅದು, ಬೇರೆ ಪದವಿಲ್ಲ. ಅವನು ಮಲಗಿದ್ದಾನೆ, ರಾತ್ರಿ ಮಲಗಿದವನು ಬೆಳಗಾದರೂ ಮಲಗಿದ್ದಾನೆ, ಎಲ್ಲರ ಹಾಗೆ. ಚಪ್ಪಲಿ ಕೈಯಲ್ಲಿ ಹಿಡಿದು, ಬಾಗಿಲನ್ನು ಚೂರು ಮೇಲಕ್ಕೆತ್ತಿ ತಳ್ಳಿ, ಒಂದು ಸದ್ದಿಲ್ಲ, ಅಪರಿಚಿತ ಬಾಗಿಲೂ ಅವಳ ಮಾತು ಕೇಳಿತು. ಅಂಗಳದಲ್ಲಿ ಮನೆಯೊಡತಿ ಪಂಪಿನ ಸ್ವಿಚ್ಚಿಗೆ ಕೈ ಹಾಕಿದ್ದಳು, ಆಂಟಿ ಆಂಟಿ, ಸ್ವಲ್ಪ ಹೊತ್ತು ಬೇಡ, ಮಲಗಿದ್ದಾರೆ. ಮಲಗ್ಲಿ ಬಿಡಮ್ಮ, ಗಂಡಸು ಮಲಗಿದ್ದಷ್ಟು ಹೊತ್ತು ಮನೆಗೆ ನೆಮ್ಮದಿ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಆ ದಪ್ಪ ಹೆಂಗಸು ಕೂಡ ಪಿಸುಗುಡುತ್ತ ಕೋಳಿಗಳಿಗೆ ಕಾಳು ಚೆಲ್ಲಿದಳು, ಕೊಕ್ಕೊಕ್ಕೊ ಅಂದ ಹುಂಜಕ್ಕೆ ಇವಳು ಬೆರಳೆತ್ತಿ ತೋರಿಸಿದಳು, ಶ್‌ಶ್. ಬೇರೆಯವರ ಹುಂಜದ ಬಾಯಿಯನ್ನೂ ಮುಚ್ಚಿಸಿದಳು. ಬಿಸಿಲು ಏರಿತು. ಒಮ್ಮೆ ಒಳಗೆ ಹೋಗಿ ಇಣುಕಿ ಬಂದಳು, ಮಲಗಿದ್ದ, ಹಳ್ಳದವರೆಗೆ ನಡೆದಳು, ಕೂದಲು ಬಿಚ್ಚಿಕೊಂಡು ನೀರಿನ ಬಳಿ ಕೂತಳು, ಸಂಜೆ ಅವನಿಗೆ ಹೇಳಬೇಕು, ಇಷ್ಟು ಹೊತ್ತು ಮಲಗಿದ್ದೆ ನೀನು, ದಾಖಲೆ, ಕಾರ್ಖಾನೆಯವರು ಹಾರ ಹಾಕಬೇಕು ನಿನಗೆ. ಮಧ್ಯಾಹ್ನ ಮನೆಯೊಡತಿಯೇ, ಏನಮ್ಮ ಇದು, ಹೊಟ್ಟೆಗಾದ್ರೂ ಬೇಡ್ವಾ, ಚಹಾ ತಗೊಂಡು ಹೋಗು. ಕೋಣೆ ಕತ್ತಲಾಗಿತ್ತು. ಹೊದಿಕೆಯ ಹೊರಗೆ ಒಂದು ಪಾದ. ಕಾಲು ತಣ್ಣಗಾಗುತ್ತೆ ಎಂದು ಹೊದಿಕೆ ಎಳೆಯಲು ಹೋದಳು, ಬೆರಳು ತಗುಲಿತು. ಲೋಟ ಎಲ್ಲಿಟ್ಟಳೋ. ಕೂಗಲಿಲ್ಲ ಅವಳು, ಕೂಗು ಗಂಟಲಿನವರೆಗೆ ಬಂದು ರೂಢಿಯ ಪ್ರಕಾರ ಅಲ್ಲೇ ನಿಂತಿತು. ಬರಿಗಾಲಲ್ಲಿ, ಸದ್ದಿಲ್ಲದೆ, ಬಾಗಿಲನ್ನು ಮೇಲಕ್ಕೆತ್ತಿ ತಳ್ಳಿ, ಅಂಗಳಕ್ಕೆ ಬಂದು, ಪಿಸುಮಾತಿನಲ್ಲಿ ಹೇಳಿದಳು. ಮನೆಯೊಡತಿಗೆ ಕೇಳಿಸಲಿಲ್ಲ, ಏನು, ಏನಂದೆ, ಜೋರಾಗಿ ಹೇಳು.

ಭಾವನ ಫೋನು ಬಡಿದುಕೊಳ್ಳುತ್ತಿದೆ. ಆ ಮನೆಯೋರು ನೋಡಮ್ಮ, ನೀನೇ ಎತ್ತು, ನನ್ನ ಕೈಲಾಗಲ್ಲ. ಅವಳು ಎತ್ತುತ್ತಾಳೆ, ಕಿವಿಗೆ ಇಡುವ ಮೊದಲೇ ದಪ್ಪ ಗಂಟಲು ತುಂಬಿಕೊಳ್ಳುತ್ತದೆ, ಎಲ್ಲಿವರೆಗೆ ಹೋದ್ರಿ ಮಗಳೇ, ನೀರಾದ್ರೂ ಕುಡಿದ್ಯಾ, ಕೋಣೆ ಗುಡಿಸೋಕೆ ಹೋಗಿದ್ದೆ, ನಿನ್ನ ಸಾಮಾನು ಒಂದು ಉಳಿದಿದೆ, ದೊಡ್ಡದೇನಲ್ಲ, ಕೂದಲಿನ ಕ್ಲಿಪ್ಪು, ಪರದೆ ಎಳೆಯೋಕೆ ಹೋದ್ರೆ ಬರ್ಲೇ ಇಲ್ಲ, ನೋಡ್ತೀನಿ, ಎರಡೂ ಪರದೆ ಸೇರಿಸಿ ಮಧ್ಯೆ ಕ್ಲಿಪ್ಪು ಹಾಕಿದೀಯ, ತೆಗೆದಿಡ್ಲಾ? ಮಗಳೇ? ತೆಗೆದಿಟ್ಟಿರ್ತೀನಿ, ಮತ್ತೆ ಬಂದಾಗ — ಅಲ್ಲಿಗೆ ಆ ಹೆಂಗಸು ತನ್ನ ಮಾತನ್ನು ತಾನೇ ನುಂಗಿಕೊಂಡಳು. ತೆಗೀಬೇಡಿ ಆಂಟಿ. ಏನಂದೆ? ತೆಗೀಬೇಡಿ, ಬೆಳಕು ಬರುತ್ತೆ. ಏನಂತೆ, ಎನ್ನುತ್ತಾರೆ ಭಾವ. ಏನಿಲ್ಲ ಭಾವ, ಕ್ಲಿಪ್ಪು ಸಿಕ್ತಂತೆ. ಪರದೆಯಲ್ಲಿ. ಹೌದಲ್ಲ, ಅಲ್ಲೇ, ಹಳ್ಳಕ್ಕೆ ಹೋಗುವ ಮೊದಲು ಇಣುಕಿದಾಗ, ಎರಡು ಪರದೆಗಳ ನಡುವೆ ಸಂದಿತ್ತು, ಅಲ್ಲಿಂದ ಒಂದು ಬಿಸಿಲ ಪಟ್ಟಿ, ಬೆರಳಿನಷ್ಟು ಅಗಲ, ನೆಲದ ಮೇಲೆ, ಮಂಚದ ಅಂಚಿನ ಮೇಲೆ, ಅವಳ ದಿಂಬಿನ ಮೇಲೆ, ಅಲ್ಲಿಂದ ಹತ್ತಿ ಅವನ ಕಣ್ಣುಗಳ ಮೇಲೆ, ಅಯ್ಯೋ ಕಣ್ಣಿಗೇ ಬೀಳ್ತಿದೆ, ಎಚ್ಚರ ಆಗುತ್ತೆ, ತಲೆಯಿಂದ ಕ್ಲಿಪ್ಪು ಕಿತ್ತು, ತುದಿಗಾಲಲ್ಲಿ ಹೋಗಿ, ಪರದೆಯ ಎರಡು ಅಂಚನ್ನು ಸೇರಿಸಿ, ಕಚ್ಚಿಸಿ — ಕಣ್ಣುಗಳ ಮೇಲೆ.

ಕಣ್ಣುಗಳ ಮೇಲೆ. ಕಿಟಕಿ ಇರುವುದು ಮಂಚದ ಈಚೆ. ಗೋಡೆ ಆಚೆ. ಗೋಡೆ ಕಡೆ ಮುಖ ಮಾಡಿದವನ ಕಣ್ಣಿಗೆ ಕಿಟಕಿಯ ಬಿಸಿಲು ಹೇಗೆ ಬೀಳುತ್ತದೆ, ಬೆನ್ನಿಗೆ ಬೀಳಬೇಕು, ತಲೆಯ ಹಿಂದಕ್ಕೆ ಬೀಳಬೇಕು. ಅವಳು ಎದ್ದಾಗ ಬೆನ್ನು ಈಚೆ ಇತ್ತು. ಇಣುಕಿದಾಗ ಮುಖ ಈಚೆ ಇತ್ತು. ಅವನು ಹೊರಳಿದ್ದ. ಅವಳು ಎದ್ದು ಹೋದ ಮೇಲೆ, ಪಂಪು ಬೇಡ ಅಂದ ಮೇಲೆ, ಹುಂಜಕ್ಕೆ ಶ್‌ಶ್ ಅಂದ ಮೇಲೆ ಯಾವಾಗಲೋ, ಅವನು ಹೊರಳಿದ್ದ, ಗೋಡೆಯ ಕಡೆಯಿಂದ ಅವಳ ಕಡೆಗೆ, ಅವಳಿಲ್ಲದ ದಿಂಬಿನ ಕಡೆಗೆ, ಕೈಯೂ ಅಲ್ಲಿತ್ತು, ದಿಂಬಿನ ಮೇಲೆ, ಸುಟ್ಟ ಗುರುತು ಮೇಲಾಗಿ, ಬೆರಳುಗಳು ಮಡಿಚಿ. ಕರೆದನೇ? ಕರೆದಿದ್ದರೆ ಯಾರಿಗೆ ಕೇಳಿಸಬೇಕು, ಅಷ್ಟು ಚೆನ್ನಾಗಿ ಮುಚ್ಚಿದ ಬಾಗಿಲು. ಬಿಸಿಲು ಬಿದ್ದಾಗ ರೆಪ್ಪೆ ಅಲುಗಿತೋ, ಅಲುಗಲಿಲ್ಲವೋ, ಅವಳು ನೋಡಿದ್ದಾಳೆ, ಎರಡು ಹೆಜ್ಜೆ ದೂರದಿಂದ ನೋಡಿದ್ದಾಳೆ, ನೆನಪಾಗಬೇಕು, ಆಗ ಇನ್ನೂ — ಆಗ ಇನ್ನೂ ಇದ್ದನೇ, ಹೊರಳಿ, ಕಣ್ಣು ಮುಚ್ಚಿ, ಅವಳು ಬರಲಿ ಎಂದು, ಅವಳು ಬಂದಳಲ್ಲ, ಬಂದು, ಪರದೆ ಮುಚ್ಚಿ, ತುದಿಗಾಲಲ್ಲಿ ಹೊರಟುಹೋದಳಲ್ಲ. ಅಮ್ಮನಿಗೆ ನಾನೇ ಹೇಳ್ತೀನಿ, ಎನ್ನುತ್ತಿದ್ದಾರೆ ಭಾವ, ಮಗ್ಗುಲು ಕೂಡ ಬದಲಿಸಲಿಲ್ಲ ಅಂತ, ಅಷ್ಟು ಸಾಕು ಅಮ್ಮನಿಗೆ, ಅಲ್ವೇನಮ್ಮ? ಅಲ್ವೇನಮ್ಮ? ಮುಂದೆ ವ್ಯಾನಿನ ಹಿಂಬಾಗಿಲು ಅದುರುತ್ತದೆ. ಕೂದಲು ಬಾಯಿಗೆ ಬರುತ್ತದೆ, ಅವಳು ತೆಗೆಯುವುದಿಲ್ಲ. ರೆಪ್ಪೆ. ಅದರ ಮೇಲೆ ಬೆರಳಿನಷ್ಟು ಬಿಸಿಲು, ಅದು ತೆಳ್ಳಗಾಗುತ್ತದೆ, ದಾರವಾಗುತ್ತದೆ, ಅವಳ ಕೈ ಪರದೆಯ ಅಂಚುಗಳನ್ನು ಸೇರಿಸುತ್ತಿದೆ, ಕಂದು ಕ್ಲಿಪ್ಪು ಹಲ್ಲು ತೆರೆಯುತ್ತದೆ, ಮೆಲ್ಲಗೆ, ಒಂದಿಷ್ಟೂ ಸದ್ದಿಲ್ಲದೆ, ಕಚ್ಚಿಕೊಳ್ಳುತ್ತದೆ.