ಕಾಣದ್ದನ್ನು ಕಂಡೆವೆಂದವರು

ಗಾದಿಲಿಂಗಪ್ಪ ಬಂದು ಕಟ್ಟೆಯ ಮೇಲೆ ಕೂತರೆ ಉಡಚಮ್ಮ ನೀರು ಬೇಕೇ ಎಂದೂ ಕೇಳಲಿಲ್ಲ. ಅವಳ ಮಗ ಸುಭಾಷನ ಕೊಲೆಯನ್ನು ಕಣ್ಣಾರೆ ಕಂಡೆನೆಂದ ಸಾಕ್ಷಿ ಇವನೊಬ್ಬನೇ. ಇವನ ಮಾತಿನ ಮೇಲೆಯೇ ಪಕ್ಕದ ಹೊಲದ ದುರಗೇಶನಿಗೆ ಜೀವಾವಧಿ ಶಿಕ್ಷೆ ಆಗಿತ್ತು. ಈಗ ಧಾರವಾಡದ ಹೈಕೋರ್ಟಿನಲ್ಲಿ ಅಪೀಲು ನಡೆದಿರುವಾಗ, ಆರು ವರ್ಷದ ಮೇಲೆ, ಈ ಪುಣ್ಯಾತ್ಮ ಸತ್ಯ ಹೇಳಲು ಹೊರಟಿದ್ದಾನೆಂದು ಅಳವಂಡಿಯ ತುಂಬ ಸುದ್ದಿ.

"ಹೇಳೂದ ಏನೈತಿ ಹೇಳಿ ಎದ್ದ ಹೋಗು," ಎಂದಳು.

"ಅವತ್ತ ನಾ ಹೊಲದಾಗ ಇರಲೇ ಇಲ್ಲ ಯಕ್ಕ. ಕುಷ್ಟಗಿಗೆ ಹೋಗಿದ್ದೆ. ದುರಗೇಶ ಚಾದಂಗಡ್ಯಾಗ 'ಸುಭಾಷನ್ನ ಕಡೀತೀನಿ' ಅಂದದ್ದು ಕೇಳಿದ್ದೆ. ಕಡದದ್ದು ನೋಡಿಲ್ಲ. ಸುಳ್ಳು ಹೇಳಿದ್ದಕ್ಕ ನನ್ನ ಒಳಗ ಹಾಕಿದ್ರ ಹಾಕಲಿ."

"ಹಂಗಾರ ಅವ ಕಡದಿಲ್ಲೇನು?"

"ಕಡದಿರಬೇಕು. ನಾ ನೋಡಿಲ್ಲ, ಅಷ್ಟ."

ಉಡಚಮ್ಮನ ಮೈಯೆಲ್ಲ ಉರಿದುಹೋಯಿತು. ಹೊಲದ ಬದುವಿನ ಜಗಳ ಊರಿಗೆಲ್ಲ ಗೊತ್ತು, ಬೆದರಿಕೆಯೂ ಗೊತ್ತು. ಸಾಕ್ಷಿ ಸುಳ್ಳಾಡಿದ ಮಾತ್ರಕ್ಕೆ ಕೊಂದವನು ಕೊಲ್ಲದವನಾಗುತ್ತಾನೇನು? ಅವನು ಹೊರಬಂದು ಇದೇ ಓಣಿಯಲ್ಲಿ ಮೀಸೆ ತಿರುವಿಕೊಂಡು ಓಡಾಡಬೇಕು, ಅದನ್ನು ನೋಡಿಕೊಂಡು ಇವಳು ರೊಟ್ಟಿ ತಿನ್ನಬೇಕು. ಅದಕ್ಕಿಂತ ಸಾಯುವುದು ಲೇಸು.

ದಡದಡ ಒಳಗೆ ಹೋಗಿ ದೇವರ ಜಗಲಿಯ ಮೇಲಿದ್ದ ಹುಲಿಗೆಮ್ಮನ ಭಂಡಾರದ ಬಟ್ಟಲು ತಂದು ಅವನ ಮುಂದೆ ಕುಕ್ಕಿದಳು. ಅರಿಶಿನದ ಪುಡಿ ಅವನ ಧೋತರದ ಮೇಲೆಲ್ಲ ಹಾರಿತು.

"ಮುಟ್ಟು. ಮುಟ್ಟಿ 'ನಾ ಕಂಡಿಲ್ಲ' ಅನಬ್ಯಾಡ, 'ಕಂಡೀನಿ' ಅನ್ನು. ಕೋರ್ಟ್‌ನ್ಯಾಗ ದೇವರಾಣಿ ಮಾಡಿ ಹೇಳಿದಿ, ಇಲ್ಲಿ ಹೇಳಾಕ ಏನ ಧಾಡಿ ನಿನಗ?"

ಗಾದಿಲಿಂಗಪ್ಪ ಕೈ ಹಿಂದಕ್ಕೆಳೆದುಕೊಂಡ. ಕಟಕಟೆಯಲ್ಲಿ ಒಂದು ಮಾತೂ ತಡವರಿಸದ ಗಂಡಸು ಹಿಡಿ ಭಂಡಾರದ ಮುಂದೆ ಬೆವೆತು ನೀರಾದ.

"ಹುಲಿಗೆಮ್ಮನ ಮುಂದ ಸುಳ್ಳು ಒಲ್ಲೆ ಯಕ್ಕ. ಕೋರ್ಟ್‌ನ್ಯಾಗ ನಿನ್ನ ಅಳು ನೋಡಲಾರದ ಹೇಳಿದ್ನಿ."

"ನನ್ನ ಅಳುವಿನ ಮ್ಯಾಲ ಹಾಕಬ್ಯಾಡ. ಥೂ ನಿನ್ನ."

ಬಾಗಿಲಲ್ಲಿ ಸೊಸೆ ಹೇಮಾವತಿ ನಿಂತಿದ್ದಳು. ಗಂಡ ಸತ್ತ ಮೇಲೂ ತವರಿಗೆ ಹೋಗದೆ ಅತ್ತೆಯ ಜೊತೆಗೇ ಉಳಿದವಳು. "ಅವರನ್ನ ಬಿಡ್ರಿ ಅತ್ತಿ, ಹೋಗಿ ಹೇಳಲಿ," ಎಂದಳು.

"ಹೇಳಿದ್ರ ದುರಗೇಶ ಬಿಡುಗಡಿ ಆಗ್ತಾನ, ತಿಳೀತೈತಿಲ್ಲ ನಿನಗ?"

"ಅವ ಅಲ್ಲದಿದ್ರ? ಇವರ ಮಾತು ನಂಬಿ ಪೊಲೀಸರು ಮತ್ತೊಬ್ಬನ್ನ ಹುಡುಕಲೇ ಇಲ್ಲ. ನನ್ನ ಗಂಡನ್ನ ಕೊಂದಾವ ದಿನಾ ನಮ್ಮನಿ ಮುಂದ ಅಡ್ಡಾಡತಿರಬೌದು."

ಅಲ್ಲಿಗೆ ಉಡಚಮ್ಮನ ತಲೆ ಕೆಟ್ಟಿತು. ಬಟ್ಟಲೊಳಗೆ ಐದೂ ಬೆರಳು ಊರಿದಳು.

"ಇವ ಕಂಡಿಲ್ಲಂದ್ರ ನಾ ಕಂಡೀನಿ. ದುರಗೇಶ ನನ್ನ ಮಗನ್ನ ಕಡದದ್ದು ಈ ಕಣ್ಣಲೇ ಕಂಡೀನಿ. ಧಾರವಾಡಕ್ಕ ನಾನ ಹೋಗ್ತೀನಿ."

ಹೇಮಾವತಿಯ ದನಿ ಏರಲಿಲ್ಲ. "ಅವತ್ತ ಸಂಜಿತನಕ ನೀವು ನನ್ನ ಮಗ್ಗಲಾಗ ಕುಂತು ಶೇಂಗಾ ಸುಲೀತಿದ್ರಿ. ಸುದ್ದಿ ಬಂದಾಗ ನಿಮ್ಮನ್ನ ಹಿಡಕೊಂಡಾಕಿ ನಾನ."

"ನಿನ್ನ ಯಾರು ಕೇಳ್ತಾರ?"

"ಕೇಳದಿದ್ರೂ ಹೇಳ್ತೀನ್ರಿ."

ಉಡಚಮ್ಮ ಕೋರ್ಟಿನಲ್ಲಿ ದುರಗೇಶನನ್ನು ನೋಡಿದ ಹಾಗೆಯೇ ಸೊಸೆಯನ್ನು ನೋಡಿದಳು. "ಹಂಗಾರ ಈ ಮನಿ ನಿಂದಲ್ಲ," ಎಂದಳು.

ಹೇಮಾವತಿ ಸೆರಗು ಸರಿಮಾಡಿಕೊಂಡು ಕಟ್ಟೆ ಇಳಿದಳು. "ನಡೀರಿ ಕಾಕಾ, ದುರಗೇಶನ ವಕೀಲರ ಹತ್ರ ನಾನೂ ಬರ್ತೀನಿ."

ಉಡಚಮ್ಮ ಅರಿಶಿನ ಮೆತ್ತಿದ ಕೈಯಿಂದಲೇ ಬಾಗಿಲು ಹಾಕಿ ಚಿಲಕ ಏರಿಸಿದಳು.